ಬುಧವಾರದ ಸೊಸೆ

ಗುಬ್ಬಿಯ ನಮ್ಮ ಬೀದಿಯ ವಾಣಿಶ್ರೀಯನ್ನು ಬುಧವಾರ ಮಧ್ಯಾಹ್ನ ಊರೆಲ್ಲ ನೋಡುತ್ತದೆ. ತುಮಕೂರಿನ ಕೇಬಲ್ ಚಾನೆಲ್ಲೊಂದರಲ್ಲಿ ಹರಟೆ, ಅಡುಗೆಮನೆಯ ಉಪಾಯ, ನಗೆ ಎಲ್ಲ ಬೆರೆತ ಕಾರ್ಯಕ್ರಮ ಬರುತ್ತದೆ. ಗಂಟು ಕಟ್ಟದ ಹಾಗೆ ಮುದ್ದೆ ತೊಳಸುವುದನ್ನು ತೋರಿಸಲು ಒಮ್ಮೆ ಹೋದವಳು, ಏನಾದರೂ ತಮಾಷೆ ಹೇಳಿ ಎಂದು ನಿರೂಪಕಿ ಮೋನಿಕಾ ಒತ್ತಾಯಿಸಿದಾಗ ಬಾಯಿಗೆ ಬಂದದ್ದು ಹೇಳಿಬಿಟ್ಟಳು.

"ನಮ್ಮತ್ತೆ ತೆಂಗಿನಕಾಯಿನ ಬೀರುಲಿಟ್ಟು ಬೀಗ ಹಾಕ್ತಾರೆ ಮೇಡಂ. ಹಳೇ ಚಿಪ್ಪು ವಾಪಸ್ ಕೊಟ್ರೇನೇ ಹೊಸ ಕಾಯಿ!"

ಅದು ಸುಳ್ಳು. ಅತ್ತೆ ಪುಟ್ಟಗಂಗಮ್ಮ ಕೇಳಿದವರಿಗೆಲ್ಲ ಕಾಯಿ ಕೊಡುವ ಹೆಂಗಸು. ನಮ್ಮ ಮನೆಯ ಪೂಜೆಯ ಕಾಯಿಯೂ ಅವರ ಹಿತ್ತಲಿನದೇ. ಆದರೆ ಜನ ನಕ್ಕರು, ವಾಣಿಶ್ರೀಗೆ ಪ್ರತಿ ಬುಧವಾರ ಕರೆ ಬಂತು. ಕೆಲಸವಿಲ್ಲದೆ ಕೂತಿದ್ದ ಗಂಡ ತಿಮ್ಮರಾಜುವಿಗೆ ಅದೇ ಚಾನೆಲ್ಲಿನ ಕಾರು ಓಡಿಸುವ ಕೆಲಸವೂ ಸಿಕ್ಕಿತು. ಅತ್ತೆಯ ಜಿಪುಣತನ ವಾರವಾರಕ್ಕೂ ಬೆಳೆಯಿತು.

ಕಳೆದ ತಿಂಗಳು ಒಂದು ಗೃಹಪ್ರವೇಶದಲ್ಲಿ ತಾಂಬೂಲ ಕೊಡುತ್ತಿದ್ದಾಕೆ ಪುಟ್ಟಗಂಗಮ್ಮನ ಕೈಗೆ ಕಾಯಿ ಇಡುತ್ತ, "ಚಿಪ್ಪು ವಾಪಸ್ ಕೊಡ್ಬೇಕು ಕಣಜ್ಜಿ!" ಅಂದಳು. ಎಲ್ಲರೂ ನಕ್ಕರು. ಪುಟ್ಟಗಂಗಮ್ಮ ಕಾಯಿ ಅಲ್ಲೇ ಬಿಟ್ಟು ಬಂದರು. ಆಮೇಲೆ ಯಾರ ಮನೆಗೂ ಹೋಗಲಿಲ್ಲ, ಗುಡಿಗೂ ಇಲ್ಲ. ಸೊಸೆಯ ಜತೆ ಮಾತೂ ನಿಂತಿತು.

"ನಾನಿನ್ನು ಹೋಗಲ್ಲ ಕಣ್ರೀ," ಎಂದಳು ವಾಣಿಶ್ರೀ ಗಂಡನಿಗೆ.

"ನೀನು ನಿಲ್ಸಿದ್ರೆ ನನ್ನ ಇಟ್ಕೋತಾರೇನೇ? ನಿನ್ ಮುಖ ನೋಡ್ಕೊಂಡೇ ಕೊಟ್ಟಿರೋ ಕೆಲ್ಸ ಅದು."

ಕಳೆದ ಬುಧವಾರ ಅವಳು ಕ್ಯಾಮೆರಾ ಮುಂದೆ ಕೈ ಮುಗಿದಳು. "ನಾನು ಹೇಳಿದ್ದೆಲ್ಲ ಸುಳ್ಳು. ನಮ್ಮತ್ತೆ ಅಂಥೋರಲ್ಲ. ತಪ್ಪಾಯ್ತು ಅತ್ತೆ."

ಮೋನಿಕಾ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಇವತ್ತು ಅತ್ತೆ ಊಟ ಹಾಕ್ಲಿಲ್ವಾ ವಾಣಿ?" ಸ್ಟುಡಿಯೋದಲ್ಲಿ ಚಪ್ಪಾಳೆ. ಇವಳಿಗೆ ಅಳು ಬಂದಷ್ಟೂ ಅವರ ನಗು ಜೋರಾಯಿತು.

ಮನೆಗೆ ಬಂದಾಗ ಪುಟ್ಟಗಂಗಮ್ಮ ಕಾಯಿ ತುರಿಯುತ್ತ ಕೂತಿದ್ದರು. ತಲೆ ಎತ್ತದೆಯೇ ಕೇಳಿದರು: "ನೀನು ನಿಜವಾಗ್ಲೂ ಅಳ್ತಿದ್ದೆ. ಅವ್ರಿಗೆ ಕಾಣ್ಲಿಲ್ವೇನೇ?"

ಮಾರನೆಯ ದಿನ ಮೋನಿಕಾಳ ಫೋನು. "ಆ ಅಳೋದು ಸೂಪರ್! ಪ್ರತಿ ವಾರ ಇರ್ಲಿ."

ಈ ಬುಧವಾರ ತಿಮ್ಮರಾಜು ಹೊರಗೆ ಹಾರ್ನ್ ಹೊಡೆಯುತ್ತಿದ್ದ. ವಾಣಿಶ್ರೀ ಅತ್ತೆಯ ಮುಂದೆ ಬಂದು ನಿಂತಳು.

"ಹೋಗು. ಅವನ ಕೆಲ್ಸ ಉಳೀಲಿ ಬುಡು," ಎಂದರು ಪುಟ್ಟಗಂಗಮ್ಮ.

ಮಧ್ಯಾಹ್ನ ನಾನು ಪೂಜೆಗೆ ಕಾಯಿ ತರಲು ಹೋದೆ. ಅವರು ಟೀವಿ ಆರಿಸಿ, ಮೇಲೆ ಹಳೇ ಸೀರೆ ಹೊದಿಸಿದ್ದರು. ಅಕ್ಕಪಕ್ಕದ ಮನೆಗಳ ಟೀವಿಗಳಿಂದ ವಾಣಿಶ್ರೀಯ ಅಳು, ಅದರ ಹಿಂದೆಯೇ ನಗು, ನಡುಮನೆಯವರೆಗೂ ಕೇಳಿಸುತ್ತಿತ್ತು.