ಪೊರೆ ಬಲಿಯಲಿ ಎಂದವರು

ಮಕ್ಕಳೇ, ಸವಣೂರಿನ ಡಾಕ್ಟರ್ ಸಾಹೇಬರ ಹೆಬ್ಬೆರಳು ಅಯೋಡಿನ್ ಹತ್ತಿ ಸದಾ ಕಂದಾಗಿರುತ್ತಿತ್ತು. ಅದೇ ಬೆರಳಿನಿಂದ ರೋಗಿಯ ರೆಪ್ಪೆ ಎತ್ತುತ್ತಿದ್ದರು. ಏಳನೆಯ ತರಗತಿ ಮುಗಿಸಿದ್ದ ನನಗೆ ಔಷಧಿ ಬಾಟಲಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟಿದ್ದರು. ನಾನು ಮಾತಾಡುವವಳಲ್ಲ. ಅದಕ್ಕೇ ಏನೋ, ರೋಗದ ಹೆಸರುಗಳ ಹುಟ್ಟನ್ನೆಲ್ಲ ನನಗೇ ಹೇಳುತ್ತಿದ್ದರು.

"ಕಣ್ಣಿನ ಪೊರಿಗೆ ಕ್ಯಾಟರಾಕ್ಟ್ ಅಂತಾರವಾ. ಲ್ಯಾಟಿನ್ ಮಾತು, ಗ್ರೀಕರಿಂದ ತಂದದ್ದು. ಅಂದ್ರ ಜಲಪಾತ. ತಲಿಯಿಂದ ಕಣ್ಣಿಗೆ ನೀರು ಇಳೀತೈತಿ ಅಂತ ತಿಳಿದಿದ್ರು, ಹುಚ್ಚರು! ಗ್ಲಾಕೋಮಾ ಅನ್ನೂದೂ ಗ್ರೀಕರದ. ಗ್ಲೌಕೋಸ್ ಅಂದ್ರ ನೀಲಿ-ಹಸಿರು ಹೊಳಪು. ಮೊದಲು ಎರಡೂ ರೋಗಕ್ಕ ಅದೊಂದ ಹೆಸರಿತ್ತು. ಪೊರಿ ತೆಗದ್ರ ಕಣ್ಣು ಬರ್ತೈತಿ. ಗ್ಲಾಕೋಮಾದಾಗ ಹೋದ ಕಣ್ಣು ಬರೂದಿಲ್ಲ. ದೀಪದ ಸುತ್ತ ಬಣ್ಣ ಕಾಣೂದು ಅದರ ಗುರುತು."

ನಮ್ಮವ್ವ ವೀಳ್ಯದೆಲೆ ತೋಟದಲ್ಲಿ ದುಡಿಯುತ್ತಿದ್ದಳು. ಕಣ್ಣು ಮಂಜಾಗಿ ಹಣ್ಣೆಲೆಯನ್ನು ಎಳೆಯೆಲೆಯ ಕಟ್ಟಿಗೆ ಸೇರಿಸತೊಡಗಿದಾಗ ಅವಳನ್ನು ಸಾಹೇಬರಲ್ಲಿಗೆ ಕರೆದೊಯ್ದೆ.

"ಪೊರಿ ಬಂದೈತಿ ಯವ್ವಾ, ಇನ್ನೂ ಹಸಿ. ಪೂರಾ ಬಲೀಲಿ, ಹುಬ್ಬಳ್ಳ್ಯಾಗ ತೆಗಸೂನು."

"ತಲಿ ಸಿಡೀತೈತ್ರಿ. ದೀಪದ ಸುತ್ತ ಬಣ್ಣಬಣ್ಣದ ಬಳಿ ಕಾಣ್ತಾವ್ರಿ."

"ಈ ವಯಸ್ಸಿನ್ಯಾಗ ಬಳಿ ತೊಡೂ ಆಸೆ ನೋಡ್ರಿ!" ಎಂದರು. ಕುಳಿತಿದ್ದವರೆಲ್ಲ ನಕ್ಕರು, ಅವ್ವನೂ ನಕ್ಕಳು. ದೀಪದ ಸುತ್ತ ಬಣ್ಣ ಯಾವುದರ ಗುರುತೆಂದು ಅವರೇ ಹೇಳಿದ್ದು ನನಗೆ ನೆನಪಾಯಿತು. ದೊಡ್ಡವರಿಗೆ ಎದುರಾಡುವುದು ಹೇಗೆಂದು ಸುಮ್ಮನೆ ಚೀಟಿ ಅಂಟಿಸಿದೆ.

ಎರಡು ವರ್ಷ ಕಾದೆವು. "ಬಲೀತೇನಬೇ ಪೊರಿ?" ಎಂದು ಓಣಿಯವರು ಬೆಳೆ ಕೇಳಿದಂತೆ ಕೇಳುತ್ತಿದ್ದರು. ಹುಬ್ಬಳ್ಳಿಗೆ ಹೋಗುವ ಹೊತ್ತಿಗೆ ಅವ್ವನಿಗೆ ಬೆಳಕೂ ಕಾಣುತ್ತಿರಲಿಲ್ಲ. ಅದು ಗ್ಲಾಕೋಮಾ, ಕಾಯಬಾರದಿತ್ತು ಎಂದರು ಅಲ್ಲಿನ ಡಾಕ್ಟರು.

ಸಾಹೇಬರು ನಮ್ಮ ಮನೆಗೆ ಬಂದು ನೆಲದ ಮೇಲೇ ಕುಳಿತರು. "ಗ್ರೀಕರಂಗ ನಾನೂ ಎರಡೂ ಒಂದ ಅಂತ ತಿಳಿದೆ ಯವ್ವಾ. ನನ್ನ ತಪ್ಪು."

"ಇರ್ಲಿ ಬಿಡ್ರಿ. ಏ, ಸಾಹೇಬ್ರಿಗೆ ಚಾ ಮಾಡವಾ."

ನಾನು ಒಲೆ ಹಚ್ಚಲಿಲ್ಲ. ಅವರು ತುಸು ಹೊತ್ತು ಕಾದು ಎದ್ದು ಹೋದರು. ಮರುದಿನದಿಂದ ನಾನು ಅವರ ದವಾಖಾನೆಗೂ ಹೋಗಲಿಲ್ಲ.

ಮಕ್ಕಳೇ, ನನ್ನ ಓದು ಅಷ್ಟಿಷ್ಟಾದರೂ ಬೆಳೆದದ್ದು ಅವರಿಂದ. ಆದರೂ ಆ ನಗು ನನಗೆ ಇಂದಿಗೂ ಕಹಿ; ನನ್ನ ಮೌನ ಅದಕ್ಕಿಂತ ಕಹಿ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. "ಕಡೀ ಸಲ ಕೈ ಮುಗದು ಬರೂನು, ನಡಿ," ಎಂದು ಅವ್ವ ಸೀರೆ ಬದಲಿಸಿ ಹೊಸ್ತಿಲಲ್ಲಿ ನಿಂತಳು. ನಾನು ಏಳಲಿಲ್ಲ. ನನ್ನ ಕೈ ಹಿಡಿಯದೆ ಹೋಗಲು ಅವಳಿಗೆ ದಾರಿ ಕಾಣುತ್ತಿರಲಿಲ್ಲ.