ಆಂಟಿಗೆ ಮಾತಿಲ್ಲದ ಗ್ರೀಕ್ ನಾಟಕ

ನಮ್ಮ ಕನ್ನಡ ಸಂಘದಲ್ಲಿ ದೊಡ್ಡ ಸ್ಪಾನ್ಸರ್ ಯಾರೋ, ನಾಟಕದ ಹೀರೋ ಅವರೇ. ಆ ವರ್ಷ ಪಕ್ಕದೂರು ಮರ್ಫಿಯಲ್ಲಿರುವ ಧಾರವಾಡದ ಅಂಕಲ್. ಹಾಗಾಗಿ ರೋಮನ್ನರ ಆಳ್ವಿಕೆಯಲ್ಲಿ ಬದುಕಿದ ಗ್ರೀಕ್ ಸಿರಿವಂತನ ಪಾತ್ರ ಅವರಿಗೆ, ಅವನ ಹೆಂಡತಿಯ ಪಾತ್ರ ಆಂಟಿಗೆ. ರೋಮನ್ ಗವರ್ನರ್ ನಾನು. ಗಿಡ್ಡ ಲಂಗದ ಕೆಳಗೆ ನನ್ನ ಕಡ್ಡಿ ಕಾಲು ನೋಡಿದ್ದರೆ ರೋಮ್ ಇನ್ನೂ ಬೇಗ ಬಿದ್ದುಹೋಗುತ್ತಿತ್ತು.

ಅಂಕಲ್ ಮಾತಿಗೆ ಮುಂಚೆ ಎರಡು ಸಲ ಕೆಮ್ಮುತ್ತಾರೆ, ಆಮೇಲೆ "ಏನಪಾ ತಮ್ಮಾ". ಅದನ್ನು ಮಾಡಿ ತೋರಿಸಿಯೇ ನಾನು ನಮ್ಮೂರು ಪ್ಲೇನೋದ ಎಷ್ಟೋ ಮನೆಗಳಲ್ಲಿ ಊಟ ಗಿಟ್ಟಿಸಿದ್ದೇನೆ.

"ನನಗೂ ಒಂದಾದ್ರೂ ಮಾತು ಕೊಡ್ರಿ," ಅಂತ ಆಂಟಿ ರಿಹರ್ಸಲ್‌ನಲ್ಲಿ ಕೇಳಿದರು. ಕಾಲೇಜಿನಲ್ಲಿ ನಾಟಕಕ್ಕೆ ಬಹುಮಾನ ಗೆದ್ದವರು.

"ಗ್ರೀಕ್ ಹೆಂಗಸ್ರು ಪರಗಂಡಸರ ಮುಂದ ಬಾಯಿ ತೆರೀತಿದ್ದಿಲ್ಲ. ನಿನಗ ಮಾತಿಲ್ಲ. ತಾಟು ಹಿಡದು ನಿಂದ್ರು, ಅಷ್ಟ," ಅಂದರು ಅಂಕಲ್.

ಎಲ್ಲರೂ ನಕ್ಕರು. ನಾನೂ.

ನಾಟಕ ಹ್ಯೂಸ್ಟನ್‌ನಲ್ಲಿ. ಅಂಕಲ್ ಡ್ರೈವ್ ಮಾಡುತ್ತಾ, ಪಕ್ಕದಲ್ಲಿ ಆಂಟಿ ಅವರ ಮಾತುಗಳನ್ನು ಬಾಯಿಪಾಠ ಹೇಳಿಕೊಡುತ್ತಾ, ಹಿಂದೆ ನಾನು ಚಕ್ಕುಲಿ ಕಡಿಯುತ್ತಾ ಹೋದೆವು. ಅಂಕಲ್ ತಪ್ಪಿದಾಗೆಲ್ಲ, "ನೀನ ತಪ್ಪು ಹೇಳ್ತಿ, ಹುಚ್ಚಿ!" ಅಂತ ಆಂಟಿಗೇ ಬೈಗುಳ.

ದೊಡ್ಡ ದೃಶ್ಯ ಬಂತು. ಗ್ರೀಕನ ಮಗ ರೋಮನ್ನರ ಸೆರೆಯಲ್ಲಿದ್ದಾನೆ. ಅಪ್ಪ ಗವರ್ನರನನ್ನು ಊಟಕ್ಕೆ ಕರೆದು ಮಗನ ಪ್ರಾಣ ಬೇಡಬೇಕು. ರೇಷ್ಮೆ ಪಂಚೆಯನ್ನೇ ಗ್ರೀಕ್ ಹೊದಿಕೆ ಮಾಡಿಕೊಂಡ ಅಂಕಲ್ ಎರಡು ಸಲ ಕೆಮ್ಮಿದರು. ಮಾತು ಬರಲಿಲ್ಲ. ಮತ್ತೆ ಕೆಮ್ಮಿದರು. ಆಂಟಿಯ ಕಡೆ ವಾಲಿ "ಹೇಳ... ಹೇಳ ಲಗೂನ" ಅಂತ ಪಿಸುಗುಟ್ಟಿದ್ದು ಮೈಕ್‌ನಲ್ಲಿ ಹಾಲ್ ತುಂಬ ಕೇಳಿಸಿತು. ಆಂಟಿ ತಾಟಿನಲ್ಲಿ ದ್ರಾಕ್ಷಿ ಸರಿಮಾಡುತ್ತಿದ್ದರು.

ನನ್ನ ಬಾಯಿ ಸುಮ್ಮನಿರುತ್ತದೆಯೇ?

"ಯಜಮಾನರಿಗೆ ಕೆಮ್ಮು. ಅಮ್ಮಾ, ನೀವೇ ಹೇಳಿ. ಮಗನನ್ನು ಬಿಡಲೋ, ಕೊಲ್ಲಲೋ?"

ಆಂಟಿ ಗಂಡನನ್ನು ನೋಡಿದರು, ನಿಧಾನವಾಗಿ ನನ್ನನ್ನು ನೋಡಿದರು.

"ನನಗ ಮಾತಿಲ್ಲರಿ."

ಜನ ಕುರ್ಚಿ ಬಡಿದು ನಕ್ಕರು. ಬೇರೆ ದಾರಿ ಕಾಣದೆ ಮಗನನ್ನು ಕೊಲ್ಲಿಸಿದೆ. ಮುಂದಿನ ಅಂಕ ಪೂರ್ತಿ ಆ ಮಗನದೇ ಆಗಿದ್ದರಿಂದ ನಾಟಕವೂ ಅಲ್ಲಿಗೇ ಸತ್ತಿತು. ಜನ ಬಿಸಿಬೇಳೆಬಾತಿಗೆ ಎದ್ದರು. ಅಂಕಲ್ ಊಟ ಮಾಡಲಿಲ್ಲ.

ವಾಪಸ್ ಬರುವಾಗ ಬಿಸಿಲಿನ್ನೂ ಇತ್ತು. ಹ್ಯೂಸ್ಟನ್ ದಾಟಿ ಪೈನ್ ಮರಗಳು ಶುರುವಾದವು. ಆಗ ಆಂಟಿ ಕಿಟಕಿಯಾಚೆ ನೋಡುತ್ತಲೇ ಎರಡು ಸಲ ಕೆಮ್ಮಿದರು. ಅದೇ ಕೆಮ್ಮು. ಆಮೇಲೆ ಅಂಕಲ್ ದನಿಯಲ್ಲೇ, "ದೊರೆಯೇ, ನನ್ನ ಮನೆ ತಗೋ, ಹೊಲ ತಗೋ, ಮಗನನ್ನು ಕೊಡು" ಅಂತ ಶುರುಮಾಡಿ, ಆ ಬೇಡಿಕೆಯನ್ನು ಒಂದಕ್ಷರ ತಪ್ಪದೆ ಕೊನೆ ಮುಟ್ಟಿಸಿದರು. ಇಷ್ಟು ವರ್ಷದ ನನ್ನ ಮಿಮಿಕ್ರಿ ಹಿಂದಿನ ಸೀಟಿನಲ್ಲಿ ಮುದುಡಿ ಕೂತಿತು.

ಅಂಕಲ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ನಿಮ್ಮ ಮಾತು ಇಷ್ಟೇ ಇತ್ತು ನೋಡ್ರಿ," ಅಂದರು ಆಂಟಿ, ಈಗ ತಮ್ಮ ದನಿಯಲ್ಲಿ.