ಸಾಹೇಬರ ಧ್ವನಿಯಲ್ಲಿ ನಾನು ವಾಪಸು ಕಳಿಸಿದ ಅಜ್ಜಿ

ಪಾಳಾ ಊರಿನ ಶಾಲೆಯಲ್ಲಿ ನಾನು ಮಾಸ್ತರ; ಅಲ್ಲಿ ನಾನು ಅಣಕಿಸದವರು ಯಾರೂ ಇಲ್ಲ. ಹೆಡ್‌ಮಾಸ್ತರರ ಕೆಮ್ಮು, ಬಿಸಿಯೂಟದ ಅಕ್ಕನ ಗೊಣಗು, ಕೊನೆಗೆ ಕನ್ಯೆ ನೋಡಲು ಹೋದಾಗ ಹೆದರಿ ನನ್ನದೇ ಗಂಟಲಿನಿಂದ ಹೊರಟ ಮೇಕೆಮರಿಯ ಧ್ವನಿ, ಎಲ್ಲವೂ ಬರುತ್ತವೆ. ಚುನಾವಣೆ ಕೆಲಸಕ್ಕೆ ಜೊಯಿಡಾ ಕಾಡಿನ ಮತಗಟ್ಟೆ ಬಿದ್ದಾಗ ಬ್ಯಾಗಿನಲ್ಲಿ ಲುಂಗಿ, ಚುರುಮುರಿಯ ಜೊತೆ ಈ ರೋಗವನ್ನೂ ತುಂಬಿಕೊಂಡೇ ಹೋದೆ.

ನನ್ನ ಪಾಲಿಗೆ ಬಂದದ್ದು ಬೆರಳಿಗೆ ಶಾಯಿ ಹಚ್ಚುವ ಕೆಲಸ. ಮತಗಟ್ಟೆಯ ಹಿರಿಯ ಅಧಿಕಾರಿಯನ್ನು ಸಾಹೇಬರು ಎನ್ನುತ್ತಿದ್ದೆವು. ಧಾರವಾಡ ಕಡೆಯವರು, ಪ್ರತಿ ಮಾತಿನ ಬಾಲವನ್ನು ಮೂಗಿನಲ್ಲಿ ಎಳೆಯುವವರು. ಬಸ್ಸು ಇಳಿಯುವಷ್ಟರಲ್ಲಿ ಆ ಮೂಗು ನನ್ನದಾಗಿತ್ತು.

ಮತದಾನದ ಹಿಂದಿನ ಸಂಜೆ, ಮತಗಟ್ಟೆಯಾಗಿದ್ದ ಆ ಊರಿನ ಶಾಲೆಯ ಕಟ್ಟೆಗೆ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದಳು. ಮನೆಮಾತು ಕೊಂಕಣಿ, ನಮ್ಮ ಜೊತೆ ನಿಧಾನದ ಕನ್ನಡ.

"ಸಾಹೇಬ್ರ, ನನಗ ಮಾರಿ ಕಾಣಂಗಿಲ್ಲ. ಧ್ವನಿ ಅಷ್ಟ ತಿಳೀತೈತಿ. ಹೋದ ಸಲ ಜ್ವರ ಬಂದು ಓಟು ತಪ್ಪಿತು. ಈ ಸಲ ತಪ್ಪಬಾರದು."

"ಏಳಕ್ಕ ಚಾಲೂ ಮಾಡ್ತೇವಿ ಯವ್ವಾ. ಹೊರಗ ಕುಂಡ್ರು, ನಾನ ಕರೀತೇನಿ," ಎಂದರು ಸಾಹೇಬರು.

ಮರುದಿನ ಬೆಳಿಗ್ಗೆ ಅಣಕು ಮತದಾನ ಮುಗಿಸಿ, ಯಂತ್ರದಲ್ಲಿ ಒತ್ತಿದ್ದನ್ನೆಲ್ಲ ಅಳಿಸಿ, ಪಕ್ಷಗಳ ಏಜೆಂಟರ ಸಹಿ ಪಡೆದು ಮೊಹರು ಹಾಕಿದೆವು. ಏಳಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಸಾಹೇಬರು ಮುಖ ತೊಳೆಯಲು ಹಿತ್ತಲಿಗೆ ಹೋದರು. ಏಜೆಂಟರು ಆಕಳಿಸುತ್ತಿದ್ದರು. ನಾನು ಶಾಯಿ ಬಾಟಲಿಯನ್ನು ಮೈಕಿನಂತೆ ಹಿಡಿದು ಸಾಹೇಬರ ಮೂಗಿನಲ್ಲಿ ಸಾರಿದೆ: "ಇವತ್ತ ಓಟು ಇಲ್ಲರೀ. ಮುಂದಕ್ಕ ಹೋಗೈತಿ. ಎಲ್ಲಾರೂ ಮನಿಗೆ ನಡೀರಿ."

ಒಳಗೆ ನಗೆ. ಒಬ್ಬ ಏಜೆಂಟನ ಬಾಯಿಂದ ಚಹಾ ಚಿಮ್ಮಿತು. ಗೋಡೆಯಾಚೆ ಯಾರಿದ್ದಾರೆಂದು ಯಾರೂ ನೋಡಲಿಲ್ಲ.

ಏಳಕ್ಕೆ ಸಾಹೇಬರು ಹೊರಬಂದು ಕರೆದಾಗ ಅಜ್ಜಿ ಕಾಣಲಿಲ್ಲ. ಹತ್ತು ಗಂಟೆಗೆ ಅವರು ಸಾಲಿನಲ್ಲಿದ್ದ ಹೆಣ್ಣುಮಗಳೊಬ್ಬಳನ್ನು ಕೇಳಿದರು, "ಕೋಲಿನ ಅಜ್ಜಿ ಬರಲಿಲ್ಲಲ್ಲ ತಂಗಿ?"

"ಬಂದು ಹೋದ್ಲಲ್ರಿ. ಇವತ್ತ ಓಟು ಇಲ್ಲಂತ ನೀವ ಹೇಳಿದ್ರಂತ. ಮುಂಜಾನಿ ಬಸ್ಸಿಗೆ ರಾಮನಗರಕ್ಕ, ಮಗಳ ಮನಿಗೆ ಹ್ವಾದ್ಲು."

ಏಜೆಂಟರೆಲ್ಲ ಒಟ್ಟಿಗೆ ನನ್ನತ್ತ ತಿರುಗಿದರು. ಆಗ ಸಾಹೇಬರಿಗೂ ತಿಳಿಯಿತು. ಶಾಯಿ ನನ್ನದೇ ಬೆರಳ ಮೇಲೆ ಹರಿದಿತ್ತು.

"ನಿನ್ನ ಕಲೆಗೆ ಚಪ್ಪಾಳಿ ಬೇಕಿತ್ತಲ್ಲೋ," ಎಂದರು ಸಾಹೇಬರು ಮೆಲ್ಲಗೆ. "ತಗೋ, ಸಿಕ್ತು."

ಆ ಹೆಣ್ಣುಮಗಳ ಗಂಡ ಗುಡ್ಡ ಹತ್ತಿ, ನೆಟ್‌ವರ್ಕ್ ಸಿಗುವ ಬಂಡೆಯ ಮೇಲೆ ನಿಂತು ಮಗಳ ಮನೆಗೆ ಫೋನು ಮಾಡಿ ಬಂದ. ಅಜ್ಜಿ ಹೊರಡುತ್ತಾಳೆ, ಆದರೆ ವಾಪಸು ಬಸ್ಸು ಒಂದೇ, ಬರುವುದು ಐದೂವರೆಗೆ. ಆರರೊಳಗೆ ಸಾಲಿನಲ್ಲಿ ನಿಂತರೆ ಸಾಕು.

ಉಳಿದ ದಿನವೆಲ್ಲ ಒಂದೊಂದು ಬೆರಳಿಗೆ ಶಾಯಿ ಹಚ್ಚುತ್ತ ಕೋಲಿನ ಸಪ್ಪಳಕ್ಕೆ ಕಿವಿಗೊಟ್ಟೆ. ಐದೂವರೆ ಆಯಿತು. ಐದೂ ಐವತ್ತಾಯಿತು. ರಸ್ತೆಯಲ್ಲಿ ಧೂಳು ಏಳಲಿಲ್ಲ. ಯಾವ ಹುಡುಗಿಗೂ ನಾನು ಹೀಗೆ ಕಾದವನಲ್ಲ; ಕಾಯಿಸಲು ಒಬ್ಬಳಾದರೂ ಇರಬೇಕಲ್ಲ.

ಆರಕ್ಕೆ ಸಾಹೇಬರು, ಅಷ್ಟರೊಳಗೆ ಬಂದವರಿಗಷ್ಟೇ ಕೊಡುವ ನಂಬರಿನ ಚೀಟಿ ಹಿಡಿದು ಹೊರಬಂದರು. ಸಾಲಿನ ಕೊನೆಯವರಿಗೆ ಒಂದನೇ ಚೀಟಿ. ಅವರ ಹಿಂದೆ ಮತ್ತೆ ಯಾರೂ ನಿಲ್ಲುವಂತಿಲ್ಲ. "ಇನ್ನೂ ಯಾರರ ಅದಾರೇನ್ರಿ?" ಎಂದು ಖಾಲಿ ರಸ್ತೆಗೆ ಮೂರು ಸಲ ಕೂಗಿ, ಇದ್ದ ಇಬ್ಬರಿಗೆ ಚೀಟಿ ಕೊಟ್ಟರು.

ಬಸ್ಸು ಬಂದದ್ದು ಆರೂ ಹತ್ತಕ್ಕೆ. ಅಜ್ಜಿ ಇಳಿದವಳೇ ಎಡಗೈ ಚಾಚಿಕೊಂಡು ಬಂದಳು. "ಸಾಹೇಬ್ರ, ಬಂದೇನಿ."

ಸಾಹೇಬರು ನನ್ನನ್ನು ನೋಡಿದರು.

"ಅಜ್ಜಿ, ವ್ಯಾಳ್ಯಾ ಮುಗೀತು," ಎಂದೆ. ಹೊರಟದ್ದು ಮೇಕೆಮರಿಯ ಧ್ವನಿಯೇ. "ಮುಂಜಾನಿ ಹೇಳಿದ್ದು ಸಾಹೇಬ್ರಲ್ಲ. ನಾನು. ಚ್ಯಾಷ್ಟಿಗೆ."

ಅವಳು ನನ್ನ ಧ್ವನಿಯತ್ತ ಕಿವಿ ತಿರುಗಿಸಿದಳು.

"ಭಾಳ ಚಂದ ಮಾಡ್ತಿ. ನಾ ಅವರ ಅಂತ ತಿಳಕೊಂಡೆ." ಚಾಚಿದ ಬೆರಳನ್ನು ಮಡಚಿಕೊಂಡಳು. "ಮುಂದಿನ ಸಲ ನೀನ ಬಂದು ಕರಿ. ಈ ಧ್ವನಿಯಾಗ. ಇದನ್ನ ನೆನಪಿಡ್ತೇನಿ."

ಸಾಹೇಬರು ತಮ್ಮ ಡೈರಿಯಲ್ಲಿ ನಡೆದದ್ದನ್ನು ನಡೆದಂತೆಯೇ ಬರೆದರು. ನನಗೆ ಕಾರಣ ಕೇಳುವ ನೋಟಿಸು ಬಂತು, ಉತ್ತರ ಕೊಟ್ಟೆ. ಬೆರಳ ಶಾಯಿ ಮಾತ್ರ ಉಗುರು ಬೆಳೆದು ಹೋಗುವವರೆಗೂ ಇತ್ತು. ಅದು ಅಳಿದ ದಿನ ಯಾಕೋ ಕೈ ಬರಿದಾದಂತೆ ಅನಿಸಿತು.

ಮತಗಟ್ಟೆ ಹಂಚುವುದು ಕಂಪ್ಯೂಟರು. ಅದರ ಮುಂದೆ ಯಾವ ಧ್ವನಿಯೂ ನಡೆಯುವುದಿಲ್ಲ. ಆದರೂ ಮುಂದಿನ ಚುನಾವಣೆಯ ತರಬೇತಿಯಲ್ಲಿ ಆ ಊರನ್ನೇ ಕೇಳಿದೆ.

"ಯಾಕೋ, ಅಲ್ಲೇನ ಹುಡಿಗಿ ನೋಡೀಯೇನ?" ಎಂದ ಗುಮಾಸ್ತ.

"ಹೌದ್ರಿ, ಎಂಬತ್ತರ ಆಜೂಬಾಜು ಅದಾಳ."

ಅವನು ನಕ್ಕ. ನನಗೆ ಬಿದ್ದದ್ದು ಹಳಿಯಾಳ ಪೇಟೆ.

ಅಲ್ಲಿ ಆರು ಗಂಟೆಗೆ ಹೊರಗೆ ನಿಂತು ಕೂಗುವ ಕೆಲಸವನ್ನು ನಾನೇ ಕೇಳಿ ಪಡೆದೆ. ರಸ್ತೆಯ ಕಡೆ ಮುಖ ಮಾಡಿ, ಯಾರ ಮೂಗನ್ನೂ ಸಾಲ ತರದೆ ನನ್ನ ಧ್ವನಿಯಲ್ಲೇ ಕರೆದೆ: "ಇನ್ನೂ ಯಾರರ ಅದಾರೇನ್ರಿ? ಬರ್ರಿ."

ಸಾಲಿನಲ್ಲಿ ಯಾರೋ ಮೇಕೆಯಂತೆ ಕೂಗಿ ಅಣಕಿಸಿದರು. ಚೆನ್ನಾಗಿಯೇ ಮಾಡಿದರು. ಜೊಯಿಡಾ ಬೋರ್ಡಿನ ಬಸ್ಸೊಂದು ನಿಲ್ಲದೆ ಹೋಯಿತು. ನಾನು ಮತ್ತೊಮ್ಮೆ ಕರೆದೆ.